ಮೂಲೆ ಕೂಡಬೇಕಾದರೆ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತೀರ್ಥರೂಪರ ಹಳೆಯ ಭಾವಚಿತ್ರವೊಂದಕ್ಕೆ ನಾನೇ ಚೌಕಟ್ಟು ಮಾಡಬೇಕೆಂದು ಹೊರಟೆ. ಮುಧೋಳದ ಪೇಟೆಯಲ್ಲಿ ಚೌಕಟ್ಟು ಕಟ್ಟಿಕೊಡುವವರಿಗೆ ಬರವೇನೂ ಇರಲಿಲ್ಲ. ಆದರೆ ನಮ್ಮ ಹಳೆಯ ಮನೆಯ ತೇಗದ ಬಾಗಿಲನ್ನು ಬಿಚ್ಚಿದಾಗ ಉಳಿದ ಪಟ್ಟಿಗಳು ಅಟ್ಟದ ಮೇಲಿದ್ದವು. ಆ ಬಾಗಿಲನ್ನು ಪೂಜೆ ಮಾಡಿಸಿ ನಿಲ್ಲಿಸಿದವರು ನಮ್ಮ ತಂದೆಯವರು. ಅವರ ಚಿತ್ರಕ್ಕೆ ಅದೇ ಕಟ್ಟಿಗೆ ಸಲ್ಲಬೇಕು, ಅದೂ ನನ್ನ ಕೈಯಿಂದಲೇ ಸಲ್ಲಬೇಕು ಎಂಬ ಆಸೆ ಹುಟ್ಟಿತು. ಆ ಆಸೆಯ ಬೆನ್ನು ಹತ್ತಿ ಒಂದು ಮೈಟರ್ ಗರಗಸವೂ ಮನೆಗೆ ಬಂದಿತು.

ಈ ಯಂತ್ರವನ್ನು ಕಾಣದ ವಾಚಕರಿಗೆ ಒಂದು ಮಾತು. ಲೋಹದ ಪೀಠದ ಮೇಲೆ ವಿದ್ಯುತ್ತಿನಿಂದ ತಿರುಗುವ ದುಂಡನೆಯ ಗರಗಸ. ಹಿಡಿಕೆಯನ್ನು ಒತ್ತಿದರೆ ಅದು ಮೇಲಿನಿಂದ ಕೆಳಗಿಳಿದು ಕಟ್ಟಿಗೆಯನ್ನು ಕೊಯ್ಯುತ್ತದೆ. ಪೀಠವನ್ನು ಎಡಕ್ಕಾಗಲಿ ಬಲಕ್ಕಾಗಲಿ ತಿರುಗಿಸಿ ಬೇಕಾದ ಕೋನದಲ್ಲಿ ಬಿಗಿಯಬಹುದು. ಕಿಟಕಿ, ಕಪಾಟು, ಚಿತ್ರದ ಚೌಕಟ್ಟು ಮಾಡುವವರಿಗೆ ಇದು ಇಂದು ಬಲಗೈಯಾಗಿದೆ.

ನಾನು ಯಂತ್ರವನ್ನು ಬಲಕ್ಕೆ 45 ಡಿಗ್ರಿಗೆ ತಿರುಗಿಸಿ, ಅಲ್ಲೇ ಬಿಗಿದು, ಎರಡಂಗುಲ ಅಗಲದ ನಾಲ್ಕು ಪಟ್ಟಿಗಳನ್ನು ಮಗುಚಿ ಮಗುಚಿ ಇಟ್ಟು ಎರಡೂ ತುದಿಗಳನ್ನು ಕೊಯ್ದೆ. ಜೋಡಿಸಿ ನೋಡಿದರೆ ಮೂರು ಮೂಲೆಗಳು ಕೂಡಿದವು. ನಾಲ್ಕನೆಯದು ಮೂರು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ತೂರಿಸುವಷ್ಟು ಬಾಯಿ ತೆರೆದು ನಿಂತಿತು. ಅದನ್ನು ಸರಿಪಡಿಸಲು ಪಟ್ಟಿಯ ತುದಿಯನ್ನು ಸಣ್ಣಗೆ ಸವರಲು ಹೋದೆ. ಬಿದ್ದ ಚೂರು ಅಲಗಿಗೆ ಸಿಕ್ಕಿ, ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ಆಗ ನನ್ನ ಎಡಗೈ ಎಲ್ಲಿತ್ತೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸದ್ದು ಕೇಳಿ ನೆರೆಮನೆಯ ಬಡಿಗೇರ ಕಾಕಾ ಬಂದರು. ಬನಹಟ್ಟಿಯ ನೇಕಾರರಿಗೆ ಮಗ್ಗ ಮಾಡಿಕೊಡುತ್ತಿದ್ದ ಮನೆತನದವರು. ಬಾಯಿ ತೆರೆದ ಮೂಲೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು.

"ಅಂಕಿ ಸರಿಯಾಗಿ 45ಕ್ಕ ಇಟ್ಟಿದ್ದೆ ಕಾಕಾ," ಎಂದೆ.

"ಯಂತ್ರದ ಮ್ಯಾಲ ಬರದ ಅಂಕಿ ಖರೇ ಅಂತ ಯಾರು ಹೇಳಿದ್ರಿ ಮಾಸ್ತರ? ಅದು ಹಚ್ಚಿದ ಚೀಟಿ. ಕಟಗಿ ಏನು ಹೇಳತೈತಿ, ಅದನ್ನ ಕೇಳ್ರಿ."

ಅರ್ಧ ಡಿಗ್ರಿಯ ಕಥೆ

ಅವರ ಮಾತಿನ ಅರ್ಥ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಚೌಕಟ್ಟೊಂದಕ್ಕೆ ಎಂಟು ಕೊಯ್ತ. ಪ್ರತಿಯೊಂದರಲ್ಲಿಯೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ ಕೊನೆಗೆ ನಾಲ್ಕು ಡಿಗ್ರಿ ಸಾಲ ಉಳಿಯುತ್ತದೆ. ಎರಡಂಗುಲದ ಪಟ್ಟಿಯಲ್ಲಿ ಓರೆಯ ಮುಖ ಸುಮಾರು 70 ಮಿಲಿಮೀಟರ್. ನಾಲ್ಕು ಡಿಗ್ರಿಗೆ ಅಲ್ಲಿ ಬೀಳುವ ಬಿರುಕು ಹೆಚ್ಚುಕಡಿಮೆ 5 ಮಿಲಿಮೀಟರ್. ಮೊದಲ ಮೂರು ಮೂಲೆಗಳು ತಮ್ಮ ತಪ್ಪನ್ನು ಬಚ್ಚಿಟ್ಟು ಎಲ್ಲವನ್ನೂ ನಾಲ್ಕನೆಯದರ ತಲೆಗೆ ಕಟ್ಟುತ್ತವೆ.

ತರಗತಿಯಲ್ಲಿ ಕಂದಪದ್ಯದ ಲಕ್ಷಣ ಹೇಳುವಾಗ, 64 ಮಾತ್ರೆಗಳಲ್ಲಿ ಒಂದು ಜಾರಿದರೂ ಕಿವಿ ಗುರುತಿಸುತ್ತದೆ ಎಂದು ಗಟ್ಟಿಸಿ ಹೇಳುವವನು ನಾನು. ಅದೂ ರನ್ನನ ಊರಿನಲ್ಲಿ! ಬಳೆಗಾರರ ಕುಲದಲ್ಲಿ ಹುಟ್ಟಿದ ಆ ಕವಿಯ ಊರಿನವನಿಗೆ, ಅಳತೆ ತಪ್ಪಿದ ಬಳೆ ಕೈಗೆ ಏರದೆಂಬುದು ಗೊತ್ತಿರಬೇಕಿತ್ತು.

ಮೊದಲು ಪ್ಲಗ್ಗು, ಆಮೇಲೆ ಪಾನಾ

ಮರುದಿನ ಕಾಕಾ ಅವರ ಮುಂದೆ ಪಾಠಕ್ಕೆ ಕುಳಿತೆ. ಮೊದಲನೆಯ ಪಾಠ, ಯಂತ್ರಕ್ಕೆ ಪಾನಾ ಹಚ್ಚುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಇಡುವುದು. ಗುಂಡಿ ಆರಿಸಿದರೆ ಸಾಲದು.

ಎರಡನೆಯದು, ಅಳೆಯುವ ಮೂಲೆಮಟ್ಟವನ್ನೇ ಮೊದಲು ಅಳೆಯುವುದು. ನೇರ ಅಂಚಿನ ಹಲಗೆಗೆ ಅದನ್ನು ಆನಿಸಿ ಗೆರೆ ಎಳೆಯಬೇಕು. ಬಳಿಕ ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡೂ ಒಂದಾಗಿ ಬಿದ್ದರೆ ಮಟ್ಟ ಸತ್ಯವಂತ. ಬೇರ್ಪಟ್ಟರೆ ಅದರ ಸಾಕ್ಷ್ಯವನ್ನು ಒಪ್ಪತಕ್ಕದ್ದಲ್ಲ.

ಮೂರನೆಯದು, ಬಡಿಗೇರರು ಫೆನ್ಸ್ ಎನ್ನುವ ಹಿಂಬದಿಯ ಒರಗುಪಟ್ಟಿ. ಕಟ್ಟಿಗೆ ಆತು ನಿಲ್ಲುವುದು ಇದಕ್ಕೆ. ಅಲಗಿನ ಎರಡೂ ಬದಿಯ ಭಾಗಗಳು ಒಂದೇ ಸಾಲಿನಲ್ಲಿವೆಯೇ ಎಂದು ಉದ್ದನೆಯ ನೇರಪಟ್ಟಿ ಇಟ್ಟು ನೋಡಬೇಕು. ಯಂತ್ರವನ್ನು ಸೊನ್ನೆಗೆ ನಿಲ್ಲಿಸಿ, ತಲೆಯನ್ನು ಕೆಳಗಿಳಿಸಿ, ಮೂಲೆಮಟ್ಟದ ಒಂದು ತೋಳನ್ನು ಒರಗುಪಟ್ಟಿಗೂ ಇನ್ನೊಂದನ್ನು ಅಲಗಿನ ಮೈಗೂ ಆನಿಸಬೇಕು. ಹಲ್ಲಿಗೆ ಆನಿಸಬಾರದು, ಏಕೆಂದರೆ ಹಲ್ಲು ಅಲಗಿನ ಮೈಗಿಂತ ದಪ್ಪ. ಸಂದಿಯಲ್ಲಿ ಬೆಳಕು ಕಂಡರೆ ಒರಗುಪಟ್ಟಿಯ ಬೋಲ್ಟುಗಳನ್ನು ಸಡಿಲಿಸಿ ಸರಿಸಬೇಕು. ಬಿಗಿಯುವಾಗ ಅದು ಮತ್ತೆ ಕದಲುವುದುಂಟು. ಆದ್ದರಿಂದ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದು ಮತ್ತೊಮ್ಮೆ ನೋಡಬೇಕು. ಕೆಲವು ಯಂತ್ರಗಳಲ್ಲಿ ಒರಗುಪಟ್ಟಿಯ ಬದಲು ಅಂಕಿಯ ಫಲಕವನ್ನು ಸರಿಸುವ ಏರ್ಪಾಡಿರುತ್ತದೆ; ಜೊತೆಗೆ ಬಂದ ಪುಸ್ತಿಕೆಯನ್ನು ಓದದೆ ಕೈಹಾಕಬಾರದು.

ನಾಲ್ಕನೆಯದು, ಅಲಗು ಪೀಠದ ಮೇಲೆ ನೆಟ್ಟಗೆ ನಿಂತಿದೆಯೇ ಎಂಬುದು. ಮಟ್ಟವನ್ನು ಪೀಠದ ಮೇಲೆ ನಿಲ್ಲಿಸಿ ಅಲಗಿಗೆ ಆನಿಸಿದರೆ ತಿಳಿಯುತ್ತದೆ. ವಾಲಿದ್ದರೆ ಅದನ್ನು ತಡೆದು ನಿಲ್ಲಿಸುವ ತಿರುಪನ್ನು ಸರಿಪಡಿಸಬೇಕು. ಇಷ್ಟೆಲ್ಲ ಆದ ಮೇಲೆಯೇ ಸೂಚಕದ ಮುಳ್ಳನ್ನು ಸೊನ್ನೆಗೆ ತರುವುದು.

ಕಟ್ಟಿಗೆಯ ಸಾಕ್ಷ್ಯ

ಇಷ್ಟಾದರೂ ಕಾಕಾ ಒಪ್ಪಲಿಲ್ಲ. ಅಂಚುಗಳು ಸಮಾನವಾಗಿದ್ದ ಒಂದು ಹಲಗೆಯನ್ನು ಸೊನ್ನೆಯಲ್ಲಿ ನಡುವೆ ಕೊಯ್ಯಿಸಿದರು. ಎರಡು ತುಂಡುಗಳನ್ನು ಹಾಗೆಯೇ ಕೂಡಿಸಿದರೆ, ಕೊಯ್ತ ಓರೆಯಾಗಿದ್ದರೂ ಅವು ಕೂಡಿಯೇ ಕೂಡುತ್ತವೆ. ಅವರು ಒಂದು ತುಂಡನ್ನು ಕೆಳಮುಖ ಮೇಲಾಗುವಂತೆ ಮಗುಚಿ, ಎರಡನ್ನೂ ನೇರಪಟ್ಟಿಗೆ ಆನಿಸಿ ಕೂಡಿಸಿದರು. ಈಗ ಕಾಣುವ ಸಂದಿ ನಿಜವಾದ ತಪ್ಪಿನ ಇಮ್ಮಡಿ. ಹಲಗೆಯ ಅಗಲದಲ್ಲಿ ಸಂದಿ ತೆರೆದರೆ ದೋಷ ಒರಗುಪಟ್ಟಿಯದು. ದಪ್ಪದಲ್ಲಿ ತೆರೆದರೆ ಅಲಗಿನ ವಾಲಿಕೆಯದು. ತಪ್ಪನ್ನು ಮರೆಮಾಡದೆ ಎರಡರಷ್ಟು ಮಾಡಿ ತೋರಿಸುವ ಇಂಥ ಪರೀಕ್ಷೆ ನಮ್ಮ ವಿದ್ಯಾಲಯಗಳಲ್ಲಿಯೂ ಇದ್ದಿದ್ದರೆ!

45ರ ಪರೀಕ್ಷೆಗೆ ಬೇಡದ ಕಟ್ಟಿಗೆಯಲ್ಲಿ ಅಡಿಯುದ್ದದ ನಾಲ್ಕು ತುಂಡುಗಳನ್ನು ಕೊಯ್ದು ಚಿಕ್ಕ ಚೌಕಟ್ಟು ಜೋಡಿಸಿ ನೋಡಬೇಕು. ಎದುರುಬದುರಿನ ಪಟ್ಟಿಗಳ ಉದ್ದ ಒಂದೇ ಇರಬೇಕು, ಇಲ್ಲವಾದರೆ ಕೋನ ಸರಿಯಿದ್ದರೂ ಮೂಲೆ ಕೂಡದು. ಇದಕ್ಕಾಗಿ ಒರಗುಪಟ್ಟಿಗೆ ಒಂದು ತಡೆತುಂಡನ್ನು ಕಟ್ಟಿ, ಪ್ರತಿ ಪಟ್ಟಿಯನ್ನೂ ಅದಕ್ಕೆ ತಾಗಿಸಿಯೇ ಕೊಯ್ಯುವುದು ಲೇಸು.

ಹಲ್ಲಿನ ಆರೈಕೆ

ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಅದು ಹಲ್ಲನ್ನು ಬೇಗನೆ ಮೊಂಡಾಗಿಸುತ್ತದೆ. ಅಂಟುಳ್ಳ ಕಟ್ಟಿಗೆ ಕೊಯ್ದರೆ ಅಲಗಿಗೆ ರಾಳ ಹತ್ತುತ್ತದೆ. ಕೊಯ್ತದಲ್ಲಿ ಕಪ್ಪು ಸುಟ್ಟ ಗೆರೆ, ಹೊಗೆಯ ವಾಸನೆ, ಹೆಚ್ಚು ಒತ್ತಬೇಕಾಗುವುದು, ಇವು ಅದರ ಕುರುಹುಗಳು. ಅಲಗನ್ನು ಬಿಚ್ಚಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿಸಿ ಹಾಕಬೇಕು. ಮರಳಿ ಕೂಡಿಸುವಾಗ ಅಲಗಿನ ಮೇಲಿನ ಬಾಣವೂ ಯಂತ್ರದ ಮೇಲಿನ ಬಾಣವೂ ಒಂದೇ ದಿಕ್ಕಿಗಿರಬೇಕು. ಅಲಗು ಹಿಡಿದಿರುವ ಬೋಲ್ಟು ಅನೇಕ ಯಂತ್ರಗಳಲ್ಲಿ ಎಡತಿರುಪಿನದು. ಬಲವಂತಕ್ಕೆ ಮುನ್ನ ಇದನ್ನು ನೆನೆಯಬೇಕು. ಬಿರುಕುಬಿಟ್ಟ, ಹಲ್ಲುದುರಿದ ಅಲಗನ್ನು ಮತ್ತೆ ಬಳಸಲಾಗದು. ನಯವಾದ ಚೌಕಟ್ಟಿನ ಕೆಲಸಕ್ಕೆ 60 ಅಥವಾ 80 ಹಲ್ಲಿನ ಅಲಗು ಮೇಲು.

ಬೆರಳಿನ ಬೆಲೆ

255 ಮಿಲಿಮೀಟರ್ ವ್ಯಾಸದ ಅಲಗು ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 216 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕಾಕಾ ತಮ್ಮ ಎಡಗೈಯನ್ನು ಚಾಚಿದರು. ಉಂಗುರಬೆರಳಿನ ತುದಿ ಇರಲಿಲ್ಲ.

"ಗೇಣುದ್ದದ ಚೂರು ಕಟಗಿ ಉಳಸಾಕ ಹೋಗಿ ಇದನ್ನ ಕಳಕೊಂಡೆ ಮಾಸ್ತರ. ಆ ಚೂರು ಒಲಿಗಿ ಹೋತು," ಎಂದರು.

ನನ್ನ ಕಿವಿಯ ಬಳಿ ಹಾರಿದ್ದೂ ಅಂಥದೇ ಚೂರು. ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ನಿಯಮಗಳು ಜಾರಿಯಲ್ಲಿವೆ. ಕೈ ಅಲಗಿನಿಂದ ಆರಂಗುಲವಾದರೂ ದೂರವಿರಬೇಕು. ಅಷ್ಟು ದೂರ ಸಿಗದ ಗಿಡ್ಡ ತುಂಡನ್ನು ಬಿಗಿಪಟ್ಟಿನಿಂದ ಹಿಡಿಸಬೇಕು. ಕೈಗಳು ಒಂದನ್ನೊಂದು ದಾಟಬಾರದು. ಅಲಗು ಪೂರ್ಣ ವೇಗಕ್ಕೆ ಬಂದ ಮೇಲೆಯೇ ಇಳಿಸುವುದು. ಕೊಯ್ದಾದ ಮೇಲೆ ಗುಂಡಿ ಬಿಟ್ಟು, ಅಲಗು ನಿಲ್ಲುವವರೆಗೆ ತಲೆಯನ್ನು ಕೆಳಗೇ ಹಿಡಿದಿದ್ದು, ಬಳಿಕ ಎತ್ತುವುದು. ಚೂರು ಹಾರುವುದು ಹೆಚ್ಚಾಗಿ ಈ ತಾಳ್ಮೆ ತಪ್ಪಿದಾಗಲೇ. ಅಲಗನ್ನು ಮುಚ್ಚುವ ಕವಚವನ್ನು ತಂತಿಯಿಂದ ಮೇಲೆ ಕಟ್ಟಿಡುವುದು ಅಪಾಯವನ್ನು ಕರೆದು ಕೂಡಿಸಿದಂತೆ. ತೂಗುವ ಧೋತರದ ಸೆರಗು, ಶಲ್ಯ, ಓಢಣಿ, ಕೈಚೀಲ ಯಾವುವೂ ಸುತ್ತ ಸುಳಿಯಬಾರದು. ಕೈಗವಸನ್ನೂ ತೊಡಬಾರದು, ಹಲ್ಲು ಅದನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳುಪಟ್ಟಿ ಬೇಕು. ಕಟ್ಟಿಗೆಯ ಧೂಳು ಅರ್ಬುದಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಪ್ರಕಟಿಸಿದೆ. ನಡುವೆ ಕರೆಂಟು ಹೋದರೆ ಪ್ಲಗ್ಗು ಕಿತ್ತಿಟ್ಟೇ ಚಹಕ್ಕೆ ಏಳಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನೆಂಬವರಿದ್ದರು; ಅವರ ಮಡದಿ ಕಾಳವ್ವೆ ವಚನಕಾರ್ತಿ. ಬಾಚಿ ಹಿಡಿದವನ ಕೆಲಸಕ್ಕೂ ಕಾಯಕವೆಂಬ ಹೆಸರು ದೊರೆತ ನಾಡಿದು. ಬಾಚಿಯ ಜಾಗದಲ್ಲಿ ಯಂತ್ರ ಬಂದಿತೆಂದು ಕೈಯ ಎಚ್ಚರವನ್ನು ಯಂತ್ರಕ್ಕೆ ಒಪ್ಪಿಸಿಬಿಡಲಾಗದು.

ಉಳಿದ ಪಟ್ಟಿಗಳು ಮೊದಲಿನ ಅಳತೆಗೆ ಸಾಲಲಿಲ್ಲ. ಚಿತ್ರದ ಸುತ್ತಲಿನ ಬಿಳಿಯ ಅಂಚನ್ನು ಒಂದಂಗುಲ ಕಿರಿದು ಮಾಡಿಕೊಂಡು ಮತ್ತೆ ಎಂಟು ಕೊಯ್ತ ಕೊಯ್ದೆ. ಈಗ ನಮ್ಮ ತಂದೆಯವರು ತಮ್ಮದೇ ಬಾಗಿಲಿನ ಕಟ್ಟಿಗೆಯೊಳಗಿಂದ ಪಡಸಾಲೆಯನ್ನು ನೋಡುತ್ತಿದ್ದಾರೆ. ಕಾಕಾ ಬಂದು ನಾಲ್ಕೂ ಮೂಲೆಗಳ ಮೇಲೆ ಉಗುರಾಡಿಸಿದರು, ಎಲ್ಲಿಯೂ ತಡೆಯಲಿಲ್ಲ. ಹೊಗಳುವರೆಂದು ಕಾದು ನಿಂತೆ.

"ಮೂಲಿ ಇರ್ಲಿ ಮಾಸ್ತರ," ಎಂದರು ನನ್ನ ಕೈ ಹಿಡಿದು ನೋಡುತ್ತ, "ಬೆರಳು ಹತ್ತೂ ಅದಾವಲ್ಲ?"