ಮನೆಯಲ್ಲಿನ ಆರೈಕೆಗೆ ದೊರೆಯುವ ಸಾರ್ವಜನಿಕ ಆರೋಗ್ಯ ಸೇವೆಗಳು

ಪೀಠಿಕೆ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಂತಹ ಗ್ರಾಮೀಣ ಪ್ರದೇಶಗಳಲ್ಲಿ ಪಾರ್ಶ್ವವಾಯು, ಕ್ಯಾನ್ಸರ್ ಅಥವಾ ವೃದ್ಧಾಪ್ಯದಿಂದ ಹಾಸಿಗೆ ಹಿಡಿದವರ ಆರೈಕೆಯ ಹೊಣೆ ಬಹುಮಟ್ಟಿಗೆ ಕುಟುಂಬದವರದೇ ಆಗಿರುತ್ತದೆ. ರೋಗಿಯನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲು ವಾಹನದ ಬಾಡಿಗೆ ತೆರಬೇಕಾಗುವುದಲ್ಲದೆ, ಜೊತೆಗೆ ಹೋಗುವವರ ಆ ದಿನದ ಕೂಲಿಯೂ ನಷ್ಟವಾಗುತ್ತದೆ. ಆರೋಗ್ಯ ಕಾರ್ಡ್ ಇದ್ದರೆ ಮನೆಯ ಆರೈಕೆಯ ವೆಚ್ಚವೂ ದೊರೆಯುತ್ತದೆ ಎಂಬ ಭಾವನೆ ಸರಿಯಲ್ಲ. ಮನೆಯಲ್ಲಿರುವ ರೋಗಿಗೆ ಸರ್ಕಾರದಿಂದ ಯಾವ ಸೇವೆಯೂ ಇಲ್ಲವೆಂಬ ಭಾವನೆಯೂ ಸರಿಯಲ್ಲ.

ಆರೋಗ್ಯ ಕಾರ್ಡಿನ ವ್ಯಾಪ್ತಿ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಈ ಸೌಲಭ್ಯವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ ಅನ್ವಯಿಸುತ್ತದೆ. ಖಾಸಗಿ ಶುಶ್ರೂಷಕರನ್ನು ಮನೆಗೆ ನೇಮಿಸಿಕೊಂಡ ವೆಚ್ಚವನ್ನು ಇದರಡಿ ಭರಿಸಲಾಗುವುದಿಲ್ಲ.

ಮನೆ ಬಾಗಿಲಿನ ಸೇವೆಗಳು

ಈ ಕೆಳಕಂಡ ಸೇವೆಗಳಿಗೆ ಕಾರ್ಡಿನ ಅಗತ್ಯವಿರುವುದಿಲ್ಲ ಹಾಗೂ ಶುಲ್ಕವಿರುವುದಿಲ್ಲ.

1. ವೃದ್ಧರ ಆರೈಕೆ: 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮದ ಮಾರ್ಗಸೂಚಿಯಂತೆ, ಉಪಕೇಂದ್ರದ ಸಿಬ್ಬಂದಿಯು ಹಾಸಿಗೆ ಹಿಡಿದ ವೃದ್ಧರ ಮನೆಗೆ ಭೇಟಿ ನೀಡಿ, ಆರೈಕೆಯ ವಿಧಾನವನ್ನು ಮನೆಯವರಿಗೆ ತಿಳಿಸಿಕೊಡತಕ್ಕದ್ದು.

2. ಉಪಶಮನ ಆರೈಕೆ: ಗುಣವಾಗದ ಕಾಯಿಲೆಯ ನೋವು ಹಾಗೂ ಯಾತನೆಯನ್ನು ತಗ್ಗಿಸುವ ಈ ಆರೈಕೆಯು ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಸೇವೆಗಳಲ್ಲಿ ಒಂದಾಗಿದೆ.

3. ನವಜಾತ ಶಿಶುವಿನ ಆರೈಕೆ: ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ನೀಡುತ್ತಾರೆ. ಮನೆಯಲ್ಲಿ ಹೆರಿಗೆಯಾದಲ್ಲಿ ಮೊದಲ ದಿನವೂ ಭೇಟಿ ಇರುತ್ತದೆ.

4. ವಿಕಲಚೇತನರ ನೆರವು: ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಮಾಸಾಶನ ಹಾಗೂ ಸಾಧನ ಸಲಕರಣೆಗಳ ಅರ್ಜಿಗೆ ಮಾರ್ಗದರ್ಶನ ನೀಡುತ್ತಾರೆ.

ಕುಟುಂಬದವರು ಮಾಡಬೇಕಾದುದು

ಆಸ್ಪತ್ರೆಗೆ ಬರಲಾಗದ ರೋಗಿಯು ಹೊರರೋಗಿ ವಿಭಾಗದ ದಾಖಲೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ರೋಗಿಯ ಹೆಸರನ್ನು ಆಶಾ ಕಾರ್ಯಕರ್ತೆಯ ಬಳಿ ನೋಂದಾಯಿಸುವುದು ಮೊದಲ ಹೆಜ್ಜೆಯಾಗಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಕೂಡಲೇ ಬಿಡುಗಡೆ ಪತ್ರ ಹಾಗೂ ಔಷಧಿ ಚೀಟಿಯನ್ನು ಸಮುದಾಯ ಆರೋಗ್ಯ ಅಧಿಕಾರಿಗೆ ತೋರಿಸುವುದು. ಹಾಸಿಗೆ ಹುಣ್ಣು ಬಾರದಂತೆ ಸುಮಾರು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು. ಚರ್ಮ ಕೆಂಪಾಗುವುದು, ಜ್ವರ ಅಥವಾ ನುಂಗಲು ತೊಂದರೆ ಕಂಡುಬಂದಲ್ಲಿ ಮುಂದಿನ ಭೇಟಿಗೆ ಕಾಯದೆ ತಿಳಿಸುವುದು.

ಸಂಪರ್ಕ

ಗ್ರಾಮದ ಆಶಾ ಕಾರ್ಯಕರ್ತೆ, ಉಪಕೇಂದ್ರ ಅಥವಾ ಆಯಾ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ. ಹಿರಿಯ ನಾಗರಿಕರ ಸಹಾಯವಾಣಿ: 14567. ತುರ್ತು ಸಂದರ್ಭದಲ್ಲಿ ಆಂಬ್ಯುಲೆನ್ಸ್‌ಗಾಗಿ: 108.