ಕೇಕ್ ಮಿಕ್ಸ್ ಪ್ಯಾಕೆಟ್ಟೋ, ಬೆಣ್ಣೆ ಸಕ್ಕರೆಯೋ?

ಕೇಕ್ ಮಿಕ್ಸ್ ಪ್ಯಾಕೆಟ್ ತಿರುಗಿಸಿ ಓದಿ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಎಲ್ಲ ನಮ್ಮ ಅಡುಗೆಮನೆಯಲ್ಲೂ ಇರುತ್ತೆ. ಇಲ್ಲದ್ದು ಎಮಲ್ಸಿಫೈಯರ್. ನೀರು, ಎಣ್ಣೆ ಬೇರೆಯಾಗದ ಹಾಗೆ, ಒಳಗಿನ ಗಾಳಿಗುಳ್ಳೆ ಒಡೆಯದ ಹಾಗೆ ಹಿಡಿದಿಡೋದು ಅದರ ಕೆಲಸ. ಅದಕ್ಕೇ ಎಲ್ಲ ಒಟ್ಟಿಗೆ ಸುರಿದು ಕಲಸಿದರೂ ಕೇಕ್ ಉಬ್ಬುತ್ತೆ. 1930ರ ದಶಕದಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ನ ಡಫ್ ಕಂಪನಿ ಇಂಥ ಮಿಕ್ಸ್‌ಗೆ ಪೇಟೆಂಟ್ ಪಡೆದಿತ್ತು!

ಈಗ ಮಿಕ್ಸ್ ಇಲ್ಲದೆ ಮಾಡೋಣ. ಮೆತ್ತಗಾದ ಬೆಣ್ಣೆಗೆ ಸಕ್ಕರೆ ಹಾಕಿ ಬೀಟ್ ಮಾಡಿ. ನೋಡಿ, ಹಳದಿ ಬಣ್ಣ ಬಿಳಿಚುತ್ತಾ, ಬೆಣ್ಣೆ ಹಗುರಾಗ್ತಾ ಬಂತು. ಸಕ್ಕರೆ ಹರಳುಗಳು ಬೆಣ್ಣೆಯೊಳಗೆ ಗಾಳಿ ತುಂಬುತ್ತಿವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸಲ್ಲ, ಇರೋ ಗುಳ್ಳೆಗಳನ್ನೇ ಹಿಗ್ಗಿಸುತ್ತೆ. ಈ ಹಂತದಲ್ಲಿ ಅವಸರ ಮಾಡಿದರೆ ಕೇಕ್ ಗಟ್ಟಿ. ಮೊಟ್ಟೆ ಫ್ರಿಜ್‌ನಿಂದ ತೆಗೆದು ನೇರ ಹಾಕಬೇಡಿ, ತಣ್ಣಗಿದ್ದರೆ ಮಿಶ್ರಣ ಒಡೆಯುತ್ತೆ. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಲೂಬೇಡಿ.

ಎರಡನ್ನೂ ಕತ್ತರಿಸಿ ನೋಡಿ. ಮಿಕ್ಸ್‌ದು ಹತ್ತಿಯಷ್ಟು ಮೆತ್ತಗೆ. ಮನೆಯದು ಕೊಂಚ ಬಿಗಿ, ಆದರೆ ಆ ಬೆಣ್ಣೆಯ ಘಮ! ನನ್ನ ಮತ ಅದಕ್ಕೇ. ಸಂಜೆ ದಿಢೀರ್ ನೆಂಟರು ಬಂದರೆ ಪ್ಯಾಕೆಟ್ ಒಡೆಯಿರಿ, ನೀರಿನ ಬದಲು ಹಾಲು ಹಾಕಿ. ಭಾನುವಾರವಾದರೆ ಬೆಳಗ್ಗೆಯೇ ಬೆಣ್ಣೆ ಹೊರಗಿಡಿ.