ಮರಿಯ ಕಣ್ಣಿಗೆ ಒಂದು ಹನಿ

ಕೋಳಿಯ ಕಣ್ಣುಗುಡ್ಡೆಯ ಹಿಂದೆ ಒಂದು ಗ್ರಂಥಿ ಅಡಗಿ ಕುಳಿತಿದೆ. ಹಾರ್ಡರ್ ಗ್ರಂಥಿ ಎನ್ನುತ್ತಾರೆ. ಕಣ್ಣಿಗೆ ತೇವ ಒದಗಿಸುವುದಷ್ಟೇ ಅದರ ಕೆಲಸ ಎಂದುಕೊಂಡು ಸೂಕ್ಷ್ಮದರ್ಶಕದಲ್ಲಿ ಇಣುಕಿದವರು ಬೆರಗಾಗಲೇಬೇಕು. ಪ್ರತಿಕಾಯ ತಯಾರಿಸುವ ಜೀವಕೋಶಗಳು ಅಲ್ಲಿ ಕಿಕ್ಕಿರಿದಿವೆ! ಐದಾರು ದಿನದ ಮರಿಯ ಕಣ್ಣಿಗೆ ರಾಣಿಖೇತ್ ಲಸಿಕೆಯ ಒಂದು ಹನಿ ಬಿಟ್ಟು, ಅದು ರೆಪ್ಪೆ ಮಿಟುಕಿಸಿ ಒಳಗೆಳೆದುಕೊಳ್ಳುವವರೆಗೆ ಅಂಗೈಯಲ್ಲಿ ಹಿಡಿದಿದ್ದರೆ ಸಾಕು. ಕೆಲವೇ ದಿನಗಳಲ್ಲಿ ಆ ಮರಿಯ ಕಣ್ಣೀರಿನಲ್ಲೇ ಪ್ರತಿಕಾಯ ಜಿನುಗತೊಡಗುತ್ತದೆ. ಕಣ್ಣೀರು ಮೂಗಿಗೆ, ಗಂಟಲಿಗೆ ಇಳಿಯುತ್ತದೆ. ವೈರಸ್ ಒಳನುಗ್ಗುವುದೂ ಅದೇ ದಾರಿಯಿಂದ!

ರಾಣಿಖೇತ್ ಎಂದರೆ ನಮ್ಮ ಹಳ್ಳಿಗಳ ಕೊಕ್ಕರೆ ರೋಗ. ಲಸಿಕೆ ಕಾಣದ ಹಿಂಡಿಗೆ ಅದರ ಉಗ್ರ ತಳಿ ಹೊಕ್ಕರೆ ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ, ಶೆಡ್ಡಿಗೆ ಶೆಡ್ಡೇ ಖಾಲಿಯಾಗಬಹುದು. ಅದನ್ನು ತಡೆಯುವ ಲಸಿಕೆ ತಯಾರಾಗುವುದು ನಮ್ಮ ಹೆಬ್ಬಾಳದಲ್ಲೇ! ವಿಮಾನ ನಿಲ್ದಾಣಕ್ಕೆ ಧಾವಿಸುವ ಎಷ್ಟು ಮಂದಿಗೆ ಇದು ಗೊತ್ತು? 1925ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಹುಟ್ಟಿದ ಸಂಸ್ಥೆಯೇ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. ದನಗಳ ದೊಡ್ಡರೋಗದ ವಿರುದ್ಧ ನಿಂತ ಆ ಅಂಗಳ ಆಮೇಲೆ ಕೋಳಿಯನ್ನೂ ಕಾಯತೊಡಗಿತು.

ಇನ್ನು ಈ ಲಸಿಕೆ ಬೆಳೆಯುವುದೆಲ್ಲಿ? ಮೊಟ್ಟೆಯೊಳಗೆ! ಕಾವಿಗಿಟ್ಟು ಒಂಬತ್ತು ಹತ್ತು ದಿನವಾದ ಮೊಟ್ಟೆಗೆ ಪಳಗಿಸಿದ ವೈರಸ್ ಚುಚ್ಚುತ್ತಾರೆ. ಭ್ರೂಣದ ಸುತ್ತಲಿನ ದ್ರವದಲ್ಲಿ ಅದು ಅಪಾರವಾಗಿ ಹೆಚ್ಚುತ್ತದೆ. ಎಳೆಯ ಮರಿಗೆ ಸೌಮ್ಯವಾದ ಎಫ್ ತಳಿ. ಆರೆಂಟು ವಾರ ತುಂಬಿದ ಮೇಲೆ, ಚುಚ್ಚುಮದ್ದಾಗಿ, ಖಾರವಾದ ಆರ್‌2ಬಿ. ಈ ಆರ್‌2ಬಿಯ ತವರು ಮುಕ್ತೇಶ್ವರ, ರೋಗಕ್ಕೆ ಹೆಸರು ಕೊಟ್ಟ ರಾಣಿಖೇತ್ ಇರುವ ಕುಮಾವೂನ್ ಬೆಟ್ಟಸಾಲಿನಲ್ಲೇ ಇದೆ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಬೇರೊಂದು. ತಾಯಿಕೋಳಿ ತನ್ನ ಪ್ರತಿಕಾಯಗಳನ್ನು ಹಳದಿ ಭಂಡಾರದಲ್ಲಿ ತುಂಬಿ ಮರಿಗೆ ಕೊಟ್ಟಿರುತ್ತಾಳೆ. ಸರಿಸುಮಾರು ನಾಲ್ಕೂವರೆ ದಿನಕ್ಕೊಮ್ಮೆ ಆ ಗಂಟು ಅರ್ಧಕ್ಕರ್ಧ ಕರಗುತ್ತದೆ. ಅದು ತುಂಬಿರುವಾಗಲೇ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯವೇ ಲಸಿಕೆಯನ್ನು ಹೊಡೆದುಹಾಕಬಹುದು. ಪೂರ್ತಿ ಕರಗಲಿ ಎಂದು ಕಾದರೆ ರೋಗವೇ ಮೊದಲು ಬರುತ್ತದೆ! ಕಣ್ಣಿನ ಹನಿಯ ಜಾಣತನ ಇಲ್ಲೇ. ರಕ್ತದಲ್ಲಿರುವ ತಾಯಿಯ ಪ್ರತಿಕಾಯದ ಕೈಗೆ ಅಷ್ಟಾಗಿ ಸಿಗದೆ ಅದು ಕಣ್ಣಲ್ಲೇ, ಮೂಗಲ್ಲೇ ಕೆಲಸ ಶುರುಮಾಡುತ್ತದೆ.

ಲಸಿಕೆ ಹತ್ತಬೇಕಾದರೆ ಇನ್ನೊಂದು ಅಂಗವೂ ಗಟ್ಟಿಯಿರಬೇಕು. ಕೋಳಿಯ ಬಾಲದ ಬುಡದಲ್ಲಿ ಬರ್ಸಾ ಎಂಬ ಪುಟ್ಟ ಚೀಲವಿದೆ. ಅಂಗರಚನಾ ತಜ್ಞ ಫ್ಯಾಬ್ರಿಷಿಯಸ್ ಅದನ್ನು ವಿವರಿಸಿದ್ದು 1621ರಲ್ಲಿ ಅಚ್ಚಾಯಿತು. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಏತಕ್ಕೆಂದೇ ತಿಳಿಯಲಿಲ್ಲ! ಅಮೆರಿಕದ ಒಹಾಯೊದಲ್ಲಿ ಬರ್ಸಾ ತೆಗೆದ ಕೋಳಿಗಳಲ್ಲಿ ಹೆಚ್ಚಿನವು ಪ್ರತಿಕಾಯವನ್ನೇ ತಯಾರಿಸಲಿಲ್ಲ ಎಂದು ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು. ನಮ್ಮ ನಿಮ್ಮ ರಕ್ತದ ಬಿ ಜೀವಕೋಶಗಳ ಅರಿವಿಗೆ ಬಾಗಿಲು ತೆರೆದದ್ದು ಕೋಳಿ! ಗುಂಬೊರೊ ರೋಗದ ವೈರಸ್ ದಾಳಿಯಿಡುವುದೂ ಇದೇ ಚೀಲದ ಮೇಲೆ. ಎಳವೆಯಲ್ಲೇ ಬರ್ಸಾ ಹಾಳಾದ ಮರಿಗೆ ರಾಣಿಖೇತ್ ಲಸಿಕೆ ಎಷ್ಟು ಹಾಕಿದರೂ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿಯೇ ಎರಡು ವಾರದ ಆಸುಪಾಸಿನಲ್ಲಿ ಗುಂಬೊರೊ ಲಸಿಕೆ ತಪ್ಪಿಸಬಾರದು.

ಡೋಸ್ ವಿಷಯಕ್ಕೆ ಬರೋಣ. ಒಂದೊಂದು ಮರಿಗೂ ಜೀವಂತ ವೈರಸ್ ಲಕ್ಷಗಳ ಲೆಕ್ಕದಲ್ಲಿ ಸಿಗಬೇಕು. ಬಿಸಿಲು ತಾಗಿದರೆ ಅದು ಸಾಯುತ್ತದೆ. ಕ್ಲೋರಿನ್ ನೀರಿನಲ್ಲೂ ಸಾಯುತ್ತದೆ, ಅದಕ್ಕೇ ಕುಡಿಯುವ ನೀರಿನಲ್ಲಿ ಲಸಿಕೆ ಕೊಡುವವರು ಲೀಟರಿಗೆ ಸುಮಾರು 2 ಗ್ರಾಂ ಕೆನೆ ತೆಗೆದ ಹಾಲಿನಪುಡಿ ಬೆರೆಸುತ್ತಾರೆ. ನೀಲಿ ಬಣ್ಣವನ್ನೂ ಹಾಕಿದರೆ, ಯಾವ ಕೋಳಿ ಕುಡಿದಿದೆ ಎಂದು ನಾಲಿಗೆಯೇ ಹೇಳುತ್ತದೆ. ಬಲವಾದವು ಡ್ರಿಂಕರ್ ಮುತ್ತಿಕೊಂಡು, ಬಡಕಲು ಕೋಳಿ ಬಾಯಾರಿಕೊಂಡೇ ಉಳಿದರೆ ಹಿಂಡಿಗೇ ಕಂಡಿ ಬಿದ್ದಂತೆ. ನೂರರಲ್ಲಿ 85ಕ್ಕೂ ಹೆಚ್ಚು ಕೋಳಿಗಳಲ್ಲಿ ಪ್ರತಿಕಾಯ ಚೆನ್ನಾಗಿ ಏರಿದ್ದರೆ ಮಾತ್ರ ಹಿಂಡಿನಲ್ಲಿ ರೋಗ ಹರಡುವುದು ನಿಲ್ಲುತ್ತದೆ ಎಂದು 2008ರ ಅಧ್ಯಯನವೊಂದು ತೋರಿಸಿದೆ. ಸಾವಿರ ಡೋಸಿನ ಶೀಶೆಯನ್ನು ಎರಡು ಸಾವಿರ ಕೋಳಿಗೆ ಹಂಚುವುದು ಉಳಿತಾಯವೇ ಅಲ್ಲ.

2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಗೆ ಹಕ್ಕಿಜ್ವರ ಬಂದಾಗ ಹಿಂಡನ್ನೇ ಕೊಲ್ಲಬೇಕಾಯಿತು. ಕೊಕ್ಕರೆ ರೋಗದ ಮುಂದೆ ನಾವು ಅಷ್ಟು ಅಸಹಾಯಕರಲ್ಲ. ಕೋಳಿ ಸಾಕುವವರೇ, ನಿಮ್ಮ ಪಶುವೈದ್ಯರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಶೀಶೆಯನ್ನು ಐಸ್‌ನಲ್ಲೇ ತನ್ನಿ, ಕಲಸಿದ ಲಸಿಕೆಯನ್ನು ಎರಡು ಗಂಟೆಯೊಳಗೆ ಮುಗಿಸಿ, ಮಿಕ್ಕದ್ದನ್ನು ನಾಳೆಗೆ ಇಡಬೇಡಿ. ಪ್ರತಿ ಮರಿಗೂ ಪೂರಾ ಹನಿ ಹಾಕಿ.